ಬೆಳಕಿಗೆ ಹೂ ಬಿಡದ ಅವರೆ

ನಮ್ಮ ಅವರೆ ಹೊಲದ ಮೇಲೆ ದೀಪ ಹಾಕಿಸಿದವರು ನಮ್ಮ ದೊಡ್ಡಪ್ಪನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಊರಿನಲ್ಲಿ ಈ ಕತೆ ಹೇಳುವವರೆಲ್ಲ ಅಪಾರ್ಟ್‌ಮೆಂಟಿನವರು ಬಂದು ಹಳ್ಳಿಯವರ ಬೆಳೆ ಕೆಡಿಸಿದರು ಎಂದೇ ಶುರು ಮಾಡುತ್ತಿದ್ದರು, ಕೇಳುವವರಿಗೂ ಹಾಗೆ ಕೇಳಿಸಿಕೊಳ್ಳುವುದೇ ಹಿತವಾಗಿತ್ತು. ಅಪಾರ್ಟ್‌ಮೆಂಟಿನವರಿಗೆ ನಮ್ಮ ಹೊಲದ ಗೊಡವೆಯೇ ಇರಲಿಲ್ಲ. ದೊಡ್ಡಪ್ಪ ತಾವಾಗಿ ಹೋಗಿ, ಸೆಕ್ಯೂರಿಟಿಯವರನ್ನು ಮಾತಾಡಿಸಿ, ಅಸೋಸಿಯೇಷನ್ನಿನ ಕಾರ್ಯದರ್ಶಿಯ ಮನೆಗೆ ಎಳನೀರು ಕಳಿಸಿ, ಕಾಂಪೌಂಡ್ ಗೋಡೆಯ ಎತ್ತರದ ಕಂಬಕ್ಕೆ ನಮ್ಮ ಹೊಲದ ಕಡೆ ಮುಖ ಮಾಡಿದ ಇನ್ನೊಂದು ದೀಪ ಹಾಕಿಸಿಕೊಂಡು ಬಂದರು.

ಕಾರಣ ಕಳ್ಳರು. ವರ್ತೂರಿನಲ್ಲಿ ಹೊಲಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದ ಕಾಲ. ಎಲ್ಲರ ಹೊಲದಲ್ಲೂ ಅವರೆ ಇದ್ದಾಗ ಯಾರೂ ಯಾರದ್ದನ್ನೂ ಮುಟ್ಟುತ್ತಿರಲಿಲ್ಲ. ಉಳಿದದ್ದು ಅಲ್ಲೊಂದು ಇಲ್ಲೊಂದು ತುಂಡು ಅಂದಮೇಲೆ ಕಾಯಿಗೆ ಬೆಲೆ ಬಂತು, ಬೆಲೆಯ ಹಿಂದೆ ಕಳ್ಳರೂ ಬಂದರು. ಬೈಕಿನಲ್ಲಿ ಬಂದು, ಕಾಯಿ ಬಿಡಿಸುವಷ್ಟು ತಾಳ್ಮೆಯೂ ಇಲ್ಲದೆ, ಬಳ್ಳಿ ಸಮೇತ ಕೊಯ್ದು ಗೋಣಿಗೆ ತುಂಬಿಕೊಂಡು ಹೋಗುತ್ತಿದ್ದರು. ಹಿಂದಿನ ವರ್ಷ ನಮ್ಮ ಹೊಲದ ಒಂದು ಮೂಲೆ ಹಾಗೆ ಬೋಳಾಗಿತ್ತು. ದೊಡ್ಡಪ್ಪನಿಗೆ ಕಾವಲು ಕೂರುವ ವಯಸ್ಸಲ್ಲ. ಹಾಗಾಗಿ ದೀಪ.

ಆ ಹೊಲ ಪತ್ರದಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರದ್ದು. ಉಳುಮೆ ಮಾಡಿಸಿ ಬಿತ್ತಿ ಬೆಳೆಯುತ್ತಿದ್ದವಳು ಅತ್ತೆ. ಅಪ್ಪನಿಗೂ ದೊಡ್ಡಪ್ಪನಿಗೂ ಅಕ್ಕ. ಮದುವೆಯಾಗಿ ಹೋಗಿ, ಗಂಡ ತೀರಿಕೊಂಡಮೇಲೆ ತವರಿಗೆ ಬಂದು ನಿಂತವಳು. ತಮ್ಮಂದಿರ ಮನೆಯಲ್ಲಿ ಅವಳಿಗೆ ಯಾರೂ ಏನೂ ಕಡಿಮೆ ಮಾಡಿರಲಿಲ್ಲ. ಆದರೆ ಕಡಿಮೆ ಮಾಡದಿರುವುದೂ ಒಂದು ಉಪಕಾರವೇ, ಅದನ್ನು ದಿನವೂ ಉಣ್ಣಬೇಕಾಗುತ್ತದೆ. ಅವಳು ಕೊಡುವ ಕೈಯಾಗುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ. ನಮ್ಮ ಮನೆಯಲ್ಲಿ ಅವರೆಯ ಮೊದಲ ಕೊಯ್ಲು ಮನೆಯೊಳಗೆ ಬರುವಂತಿಲ್ಲ. ಕೊಟ್ಟ ಹೆಣ್ಣುಮಕ್ಕಳ ಮನೆಗಳಿಗೆ ಹೋಗಬೇಕು. ಸಂಕ್ರಾಂತಿಗೆ ಮುಂಚೆ ಅತ್ತೆ ಚೀಲ ಹೊತ್ತು ಬಸ್ಸು ಹತ್ತುತ್ತಿದ್ದಳು. ಹೊಸಕೋಟೆ, ಮಾಲೂರು, ಸರ್ಜಾಪುರ. ಅಲ್ಲಿನವರು ಕಾಯಿಯನ್ನು ಮೂಸಿ ನೋಡಿ, ತವರಿನ ಸೊಗಡು ಎಂದು ಹೇಳಿ, ಅವಳಿಗೆ ಎಲೆ ಹಾಕಿ ಬಡಿಸುತ್ತಿದ್ದರು. ಆ ಓಡಾಟದಲ್ಲಿ ಅವಳು ಯಾರ ಆಶ್ರಯದಲ್ಲೂ ಇರುವವಳಲ್ಲ, ತವರಿನ ಕಡೆಯಿಂದ ಬಂದವಳು.

ಆ ಬಿತ್ತನೆ ಅವಳ ಅಮ್ಮನ ಕಾಲದಿಂದ ಬಂದದ್ದು. ಕೊಂಡದ್ದಲ್ಲ, ಬೇರೆಲ್ಲೂ ಸಿಗುವುದೂ ಇಲ್ಲ. ನೇರಳೆ ಹೂವಿನ ಅವರೆ. ಅತ್ತೆ ಪ್ರತಿ ವರ್ಷ ಒಂದಿಷ್ಟು ಕಾಳನ್ನು ಬೂದಿಯಲ್ಲಿ ಹೊರಳಿಸಿ ಎತ್ತಿಡುತ್ತಿದ್ದಳು. ಈ ದೀಪದ ವರ್ಷ ಮಾತ್ರ ಎತ್ತಿಟ್ಟಿದ್ದ ಕಾಳಿಗೆ ಹುಳು ಬಿದ್ದು ಅರ್ಧಕ್ಕರ್ಧ ಹಿಟ್ಟಾಗಿತ್ತು. ಗಟ್ಟಿಯಾಗಿದ್ದದ್ದನ್ನೆಲ್ಲ ಆರಿಸಿ ಬಿತ್ತಿಬಿಟ್ಟಳು. ಮನೆಯಲ್ಲಿ ಒಂದು ಕಾಳೂ ಉಳಿಯಲಿಲ್ಲ. ಅಂದರೆ ಹೊಲದಲ್ಲಿ ಕಾಯಿ ಆಗದಿದ್ದರೆ ಆ ಅವರೆ ಅಲ್ಲಿಗೆ ಮುಗಿಯಿತು.

ಮಳೆಗಾಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ಕೆಲವು ಸಾಲಿಗೊಂದರಂತೆ, ಅವರೆ ಬಿತ್ತುವುದು ನಮ್ಮ ಕಡೆಯ ಪದ್ಧತಿ. ರಾಗಿ ಕೊಯ್ದಮೇಲೆ ಸಾಲಿನ ನಡುವೆ ಜಾಗ ಸಿಕ್ಕಿ ಅವರೆ ಹರಡುತ್ತದೆ; ಚಳಿ ಶುರುವಾಗುತ್ತಿದ್ದಂತೆ ಎಲೆಯ ಮೇಲಕ್ಕೆ ಹೂವಿನ ಕಡ್ಡಿಗಳನ್ನು ಎತ್ತುತ್ತದೆ. ಆ ವರ್ಷ ರಾಗಿ ತೆನೆ ಕೊಟ್ಟಿತು. ಅದು ಅಂಗಡಿಯಿಂದ ತಂದ ಹೊಸ ತಳಿ. ಅವರೆ ಹರಡಿತು. ಚಳಿ ಬಂತು, ಇಬ್ಬನಿ ಬಿತ್ತು. ಅವರೆ ಇನ್ನೂ ಹರಡುತ್ತಲೇ ಇತ್ತು. ಹಸಿರೋ ಹಸಿರು, ಮೊಣಕಾಲು ಮುಳುಗುವಷ್ಟು ಎಲೆ, ಒಂದು ಹೂವಿಲ್ಲ.

ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಸಸ್ಯಶಾಸ್ತ್ರ, ತಳಿಶಾಸ್ತ್ರ ಪುಸ್ತಕದಲ್ಲಿ, ಚರ್ಚಾಸ್ಪರ್ಧೆ ರಕ್ತದಲ್ಲಿ. ಮನೆಯಲ್ಲಿ ಯಾರಾದರೂ ಏನಾದರೂ ಹೇಳಿದರೆ ಅದಕ್ಕೆ ಎದುರು ಪಕ್ಷ ಯಾವುದು ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿತ್ತು. ಆ ತಿಂಗಳು ನನಗೆ ಕೆಲಸಕ್ಕೆ ಬರವಿರಲಿಲ್ಲ. ದೊಡ್ಡಮ್ಮ ದೃಷ್ಟಿಯಾಗಿದೆ ಎಂದರು. ಮೂರನೇ ಮಹಡಿಯಿಂದ ದಿನಾ ಅಷ್ಟೊಂದು ಜನ ನೋಡುತ್ತಿದ್ದರೆ ಆಗದಿರುತ್ತದೆಯೇ. ಅವರು ನೋಡುವುದು ಫೋನು, ಹೊಲವನ್ನಲ್ಲ ಎಂದೆ. ಎದುರು ಮನೆಯವರು ಮೊಬೈಲ್ ಟವರ್ ಎಂದರು. ಟವರಿನ ಬುಡದಲ್ಲೇ ಇರುವ ಅವರ ನುಗ್ಗೆಮರ ಹೂ ಬಿಟ್ಟಿದೆಯಲ್ಲ ಎಂದೆ. ನನ್ನದೇ ವಾದ ಕೆರೆಯ ನೀರು. ನೊರೆ ಬರುವ ನೀರನ್ನು ಕುಡಿದ ಗಿಡ ಸರಿಯಾಗಿರುವುದು ಹೇಗೆ? ವರ್ತೂರು ಕೆರೆಯ ಬಗ್ಗೆ ನಾನು ಎರಡು ಕಾಲೇಜುಗಳಲ್ಲಿ ಮಾತಾಡಿ ಬಹುಮಾನದ ಕಪ್ಪು ತಂದಿದ್ದೆ. ಈ ವಾದ ಬಿದ್ದದ್ದು ಪಕ್ಕದ ಹೊಲವನ್ನು ನೋಡಿದಾಗ. ಅಲ್ಲಿಗೂ ಅದೇ ನೀರು, ಅದೇ ಮಣ್ಣು, ಬದುವಿನ ಆಚೆ ಅಷ್ಟೇ. ಅಲ್ಲಿನ ಅವರೆ ಬೆಳ್ಳಗೆ ಹೂ ಬಿಟ್ಟು ಕಾಯಿ ಕಚ್ಚಿ ನಿಂತಿತ್ತು.

ಪಕ್ಕದವರದ್ದು ಅಂಗಡಿ ಬಿತ್ತನೆ. ಸಂಶೋಧನಾ ಕೇಂದ್ರದವರು ಮಾಡಿದ ತಳಿ. ಯಾವ ತಿಂಗಳು ಬಿತ್ತಿದರೂ ಒಂದೂವರೆ ಎರಡು ತಿಂಗಳಿಗೆ ಹೂ ಬಿಡುತ್ತದೆ. ಹಾಗಾಗಿ ಊರಿನವರ ತೀರ್ಪು ಸುಲಭವಾಯಿತು. ನಿಮ್ಮ ಬಿತ್ತನೆಗೆ ವಯಸ್ಸಾಗಿದೆ, ಬಿಟ್ಟುಬಿಡಿ, ಹೊಸದು ತನ್ನಿ. ದೊಡ್ಡಪ್ಪನೂ ಅದನ್ನೇ ಹೇಳತೊಡಗಿದರು. ಅತ್ತೆ ಮಾತ್ರ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ಕುಡಿಗಳನ್ನು ತಿರುಗಿಸಿ ನೋಡಿ ಬರುತ್ತಿದ್ದಳು, ಅಷ್ಟೇ.

ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಹೊಲದ ಆ ತುದಿಯಲ್ಲಿ ಹಳೆಯ ಪಂಪ್‌ಸೆಟ್ ಮನೆಯಿದೆ, ಬೋರ್‌ವೆಲ್ ಬತ್ತಿದಮೇಲೆ ಯಾರೂ ಅತ್ತ ಸುಳಿಯುವುದಿಲ್ಲ. ಅದರ ಹಿಂದೆ ನೇರಳೆ ಬಣ್ಣ ಕಂಡಿತು. ಹತ್ತಿರ ಹೋದರೆ ಹೂವು. ಒಂದೆರಡಲ್ಲ, ಒಂದು ಪಟ್ಟಿಯೇ. ಪಂಪ್ ಮನೆಯ ಗೋಡೆಯಷ್ಟಗಲಕ್ಕೆ ಶುರುವಾಗಿ, ಹೋಗಹೋಗುತ್ತ ಅಗಲವಾಗಿ, ಹೊಲದ ಅಂಚಿನವರೆಗೆ. ಅದರ ಎರಡೂ ಬದಿ ದಾರ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಈಚೆ ಬರೀ ಎಲೆ, ಆಚೆ ಹೂವು. ಗೊಬ್ಬರಕ್ಕೆ, ನೀರಿಗೆ, ದೃಷ್ಟಿಗೆ, ಯಾವುದಕ್ಕೂ ಹೀಗೆ ಗೆರೆ ಎಳೆಯಲು ಬರುವುದಿಲ್ಲ. ಅತ್ತೆ ಬಗ್ಗಿ ಒಂದು ಹೂವಿನ ಕಡ್ಡಿ ಮುಟ್ಟಿ ನೋಡಿದಳು. ನಾನು ಪಂಪ್ ಮನೆಗೆ ಬೆನ್ನು ಕೊಟ್ಟು ನಿಂತು, ತಿರುಗಿ, ಗೋಡೆಯ ಅಂಚಿನಿಂದ ಕಂಬದ ಕಡೆ ಕಣ್ಣು ಹಾಯಿಸಿದೆ. ಗೋಡೆಯ ಎರಡು ಅಂಚು, ಮೇಲೆ ದೀಪ. ಹೂ ಬಿಟ್ಟ ಪಟ್ಟಿ ಪಂಪ್ ಮನೆಯ ನೆರಳು.

ಅದನ್ನು ಅಲ್ಲೇ ಹೇಳಿದೆ. ಅತ್ತೆ ಕೇಳಿದ್ದು ಒಂದೇ: "ಅಂಗಾರೆ ಈ ಕಡೆವು ಕೆಟ್ಟಿಲ್ಲ?"

"ಕೆಟ್ಟಿಲ್ಲ ಅತ್ತೆ. ಇನ್ನೂ ಚಳಿಗಾಲ ಬಂದಿಲ್ಲ ಅನ್ಕೊಂಡವೆ."

ಕಾಲೇಜಿನಲ್ಲಿ ನಮ್ಮ ತಳಿಶಾಸ್ತ್ರದ ಮೇಡಂ ಹತ್ತಿರ ಇದನ್ನು ಒಯ್ದೆ. ಅವರು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಹೆಚ್ಚು ಅರ್ಥವಾದದ್ದು ಕಿಟಕಿಯ ಪಕ್ಕ ನಿಂತು ಹೇಳಿದಾಗ. ಗಿಡದ ತುದಿಯಲ್ಲಿ ಒಂದು ಚೂರು ಕುಡಿಯಿದೆ. ಎಲೆ ಮಾಡುವುದೂ ಅದೇ, ಹೂ ಮಾಡುವುದೂ ಅದೇ. ಯಾವಾಗ ಯಾವುದನ್ನು ಮಾಡಬೇಕು ಎಂಬ ಸುದ್ದಿ ಅದಕ್ಕೆ ಕೆಳಗಿನಿಂದ, ಎಲೆಯಿಂದ ಬರುತ್ತದೆ. ಎಲೆಯಲ್ಲಿ ಹಗಲು ರಾತ್ರಿಯ ತಾಳ ಹಿಡಿದುಕೊಂಡಿರುವ ಜೀನುಗಳಿವೆ. ಅವರೆಯಂಥ ಗಿಡದಲ್ಲಿ ಕತ್ತಲು ಇಷ್ಟು ಹೊತ್ತು ಕಡಿಯದೆ ಉಳಿದರೆ ಮಾತ್ರ ಇನ್ನೊಂದು ಜೀನಿನ ಬಾಯಿಕಟ್ಟು ಬಿಚ್ಚುತ್ತದೆ. ಅದು ಮಾಡಿದ ಪ್ರೋಟೀನು ಎಲೆಯ ನರಗಳ ದಾರಿಯಲ್ಲಿ ಮೇಲೇರಿ ಕುಡಿಯನ್ನು ಮುಟ್ಟುತ್ತದೆ. ಮುಟ್ಟಿದಮೇಲೆ ಕುಡಿ ಎಲೆಯ ಕೆಲಸ ನಿಲ್ಲಿಸಿ ಹೂವಿನ ಕೆಲಸ ಹಿಡಿಯುತ್ತದೆ. ಈ ಪ್ರೋಟೀನು ಇಂಥದ್ದೇ ಎಂದು ಗೊತ್ತಾಗಿ ಆಗ ಕೆಲವೇ ವರ್ಷಗಳಾಗಿದ್ದವು. ನಮ್ಮ ಪಠ್ಯದಲ್ಲಿ ಅದು ಇನ್ನೂ ಊಹೆಯಾಗಿಯೇ ಇತ್ತು.

ನನಗೆ ನಂಬಿಕೆ ಬರಲಿಲ್ಲ. ಬೆಂಗಳೂರಿನಲ್ಲಿ ಬೇಸಿಗೆಯ ರಾತ್ರಿಗೂ ಚಳಿಗಾಲದ ರಾತ್ರಿಗೂ ಇರುವ ವ್ಯತ್ಯಾಸವೇ ಒಂದೂವರೆ ಗಂಟೆಯಷ್ಟು. ಅದನ್ನು ಗಿಡ ಅಳೆಯುತ್ತದೆಯೇ? ಅಳೆಯದಿದ್ದರೆ ನಿಮ್ಮೂರಿನ ಅವರೆ ಇಷ್ಟು ಕಾಲ ಪ್ರತಿ ವರ್ಷ ಒಂದೇ ಹೊತ್ತಿಗೆ ಬರುತ್ತಿದ್ದದ್ದು ಹೇಗೆ ಎಂದು ಮೇಡಂ ಕೇಳಿದರು. ಆಮೇಲೆ ಗೇಟಿನ ಹತ್ತಿರದ ಮುದ್ದೆ ದಾಸವಾಳವನ್ನು ತೋರಿಸಿದರು. ಕೇಸರವಾಗಬೇಕಿದ್ದ ಜಾಗದಲ್ಲಿ ದಳ ಬಂದದ್ದರಿಂದಲೇ ಅದು ಮುದ್ದೆಯಾಗಿರುವುದು. ಇಲ್ಲಿ ಕೇಸರ ಮಾಡು ಎನ್ನುವ ಜೀನಿನ ಮಾತು ನಡೆಯದೆ ಹೋದರೆ ಗಿಡ ಸುಮ್ಮನಿರುವುದಿಲ್ಲ, ಗೊತ್ತಿರುವ ಇನ್ನೊಂದನ್ನು ಮಾಡುತ್ತದೆ. ನಿಮ್ಮ ಪಕ್ಕದ ಹೊಲದ್ದೂ ಹಾಗೇ ಎಂದರು. ಅದರಲ್ಲಿ 'ಇನ್ನೂ ಬೇಡ, ತಡಿ' ಎನ್ನುವ ಜೀನು ಕೆಟ್ಟಿದೆ. ಕೆಟ್ಟದ್ದನ್ನೇ ಆರಿಸಿ ತಳಿ ಮಾಡಿದ್ದಾರೆ.

ಚರ್ಚೆಯವರಿಗೆ ಇದಕ್ಕಿಂತ ಚೆಂದದ ಜೋಡಿ ಸಿಗುವುದಿಲ್ಲ. ದೀಪದ ಬೆಳಕು ಪಕ್ಕದ ಹೊಲಕ್ಕೂ ಬೀಳುತ್ತಿತ್ತು. ಬದುವಿನ ಆಚೆ ಈಚೆ ಬೆಳಕು ಒಂದೇ, ಬಿತ್ತನೆ ಬೇರೆ: ಅದು ಹೂ ಬಿಟ್ಟಿತು, ಇದು ಬಿಡಲಿಲ್ಲ. ನೆರಳಿನ ಗೆರೆಯ ಆಚೆ ಈಚೆ ಬಿತ್ತನೆ ಒಂದೇ, ಬೆಳಕು ಬೇರೆ: ಅಲ್ಲೂ ಒಂದು ಕಡೆ ಹೂ ಬಿಟ್ಟಿತು, ಇನ್ನೊಂದು ಕಡೆ ಬಿಡಲಿಲ್ಲ. ಊರಿನವರು ಮೊದಲನೆಯದನ್ನಷ್ಟೇ ನೋಡಿ ಬಿತ್ತನೆಯ ತಪ್ಪು ಎಂದಿದ್ದರು. ಎರಡನೆಯದನ್ನಷ್ಟೇ ನೋಡಿದ್ದರೆ ದೀಪದ ತಪ್ಪು ಎನ್ನುತ್ತಿದ್ದರು. ಎರಡೂ ಅರ್ಧರ್ಧ ನಿಜ.

ಮನೆಗೆ ಬಂದು ಜಗಲಿಯ ಮೇಲೆ ಇದನ್ನೆಲ್ಲ ಮಂಡಿಸಿದೆ. ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು.

"ಗಿಡಕ್ಕೆ ಕಣ್ಣೈತಾ?"

"ಎಲೆಗೆ ಬೆಳಕು ಗೊತ್ತಾಗುತ್ತೆ ದೊಡ್ಡಪ್ಪ."

"ಆಗ್ಲಿ. ಲೈಟ್ ಆಕ್ಸಿದ್ಮೇಲೆ ಒಬ್ಬ ಕಳ್ಳ ಬಂದವ್ನಾ? ಏಳು ನೋಡಾಣ."

"ಕದಿಯೋಕೆ ಕಾಯಿ ಎಲ್ಲಿದೆ?"

"ಅದು ಬ್ಯಾರೆ ವಿಸ್ಯ."

ಅತ್ತೆ ಒಳಗಿನಿಂದಲೇ, "ಅದೇ ಕಣೋ ವಿಸ್ಯ," ಎಂದಳು. ದೊಡ್ಡಪ್ಪ ಎಲೆಯಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ, ಇರಲಿ ಎಂದರು. ಆದರೆ ದೀಪ ತೆಗೆಸಲು ತಾವು ಹೋಗುವುದಿಲ್ಲ ಎಂದುಬಿಟ್ಟರು. ಹೇಳಿ ಹೇಳಿ ಹಾಕಿಸಿಕೊಂಡದ್ದನ್ನು ಬೇಡವೆಂದು ಹೇಳುವುದಕ್ಕೆ ಅವರಿಗೆ ಮುಖವಿರಲಿಲ್ಲ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಅತ್ತೆಯನ್ನು ಕರೆದುಕೊಂಡು ನಾನೇ ಹೋದೆ.

ಕಾರ್ಯದರ್ಶಿ ಬಾಗಲಕೋಟೆ ಕಡೆಯವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ. ಕೆಲಸಕ್ಕೆ ಹೊರಟಿದ್ದವರನ್ನು ಬಾಗಿಲಲ್ಲೇ ಹಿಡಿದೆವು. ಒಳಗೆ ಕೂರಿಸಿದರು, ಅತ್ತೆಗೆ ಚಹಾ ಕೊಡಿಸಿದರು, ಆಮೇಲೆ ನನ್ನ ಮಾತು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ನಗು ಮೂಡಿತು.

"ನೀವ ಬಂದು ಲೈಟ್ ಹಾಕಸ್ರಿ ಅಂದ್ರಿ. ಈಗ ನೀವ ತಗಸ್ರಿ ಅಂತೀರಿ. ಒಂದ ಮನ್ಯಾಗ ಎರಡ ಪಾರ್ಟಿ ಅದಾವೇನ್ರಿ?"

"ಎರಡಲ್ಲ ಸಾರ್, ಮೂರು," ಎಂದೆ. "ಅವರೆದೂ ಒಂದು."

ಅವರ ಎದುರುವಾದ ಮಾತ್ರ ಗಟ್ಟಿಯಾಗಿತ್ತು. ಕಂಪನಿಯ ಕ್ಯಾಬುಗಳು ಆ ಹಿಂದಿನ ಗೇಟಿನಲ್ಲೇ ನಿಲ್ಲುತ್ತವೆ. ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಅಲ್ಲಿ ಇಳಿದು ಗೋಡೆಯ ಪಕ್ಕ ನಡೆದು ಬರಬೇಕು. ನಮ್ಮ ದೊಡ್ಡಪ್ಪ ಕೇಳಿದ ದೀಪದಿಂದ ಅವರಿಗೂ ದಾರಿ ಕಾಣುವಂತಾಗಿದೆ, ಸಭೆಯಲ್ಲಿ ಎಲ್ಲರೂ ಮೆಚ್ಚಿಕೊಂಡಿದ್ದಾರೆ. "ನಮ್ಮ ಬಾಜೂದವರ ಅವರಿಗಿಡಕ್ಕ ಕತ್ತಲಿ ಬೇಕಾಗೇದ, ನೀವು ಕತ್ತಲಾಗ ಅಡ್ಡಾಡ್ರಿ ಅಂತ ನಾ ಅವರಿಗೆ ಹೇಳ್ಲೇನು?"

ಅವರ ಮಾತು ನಿಜವೇ. ನಾನೂ ಸಂಜೆಯ ಬಸ್ಸಿಳಿದು ಅದೇ ಗೋಡೆಯ ಪಕ್ಕ ಬರುವವಳು. ಹಾಗಾಗಿ ವಾದ ಬಿಟ್ಟು ಅವರನ್ನು ಅವರದೇ ಬಾಲ್ಕನಿಗೆ ಕರೆದೆ. ಮೂರನೇ ಮಹಡಿ. ಮೇಲಿನಿಂದ ಹೊಲ ಪೂರ್ತಿ ಕಾಣುತ್ತಿತ್ತು. ಕೆಳಗೆ ನಿಂತಾಗ ಪಟ್ಟಿಯಾಗಿ ಕಂಡದ್ದು ಅಲ್ಲಿಂದ ಸ್ಪಷ್ಟ ಆಕಾರವಾಗಿತ್ತು: ಪಂಪ್ ಮನೆ, ಅದರ ಹಿಂದೆ ಬೀಸಣಿಗೆ ಬಿಚ್ಚಿದಂತೆ ನೇರಳೆ. ಹಗಲ ಬಿಸಿಲಿನಲ್ಲಿ, ರಾತ್ರಿಯ ನೆರಳು ನೆಲದ ಮೇಲೆ ಹಾಗೇ ಬಿದ್ದುಕೊಂಡಿತ್ತು.

ಅವರು ಒಳಗೆ ಹೋಗಿ ಕನ್ನಡಕ ಬದಲಾಯಿಸಿಕೊಂಡು ಬಂದರು. ಕಂಬವನ್ನೊಮ್ಮೆ, ಪಂಪ್ ಮನೆಯನ್ನೊಮ್ಮೆ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ಇದು ದಿನಾ ಕಣ್ಣೆದುರಿಗೇ ಇತ್ತು, ನಾನು ಇಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ ಎಂದರು. ದೀಪ ತೆಗೆಸಲಿಲ್ಲ. ಹೊಲದ ಕಡೆಗೆ ತಗಡಿನ ಮರೆ ಕಟ್ಟಿಸಿ, ದಾರಿಯ ಮೇಲೆ ಮಾತ್ರ ಬೆಳಕು ಬೀಳುವಂತೆ ಮಾಡಿಸಿದರು. ಅದಕ್ಕೂ ಸಭೆ, ಒಪ್ಪಿಗೆ ಎಂದು ವಾರಗಳೇ ಹೋದವು.

ಮರೆ ಬಂದಮೇಲೆ ಉಳಿದ ಹೊಲವೂ ಹೂ ಬಿಟ್ಟಿತು, ಆದರೆ ಹೊತ್ತು ಮೀರಿತ್ತು. ಬಿಸಿಲು ಏರಿ, ಕಾಯಿಕೊರಕ ಬಿದ್ದು, ಕೈಗೆ ಬಂದದ್ದೆಲ್ಲ ಜೊಳ್ಳು. ಆ ವರ್ಷ ಅತ್ತೆ ಬಸ್ಸು ಹತ್ತಲಿಲ್ಲ. ದೊಡ್ಡಮ್ಮ ಅಂಗಡಿ ಅವರೆ ಕೊಂಡು ತಂದು, ಒಂದು ವರ್ಷ ಇದನ್ನೇ ಕಳಿಸಿದರಾಯಿತಲ್ಲ ಎಂದರು. ಅತ್ತೆ ಅದನ್ನು ಸಾರಿಗೆ ಹಾಕಿದಳು. ನನಗೂ ಅವಳ ಹಟ ಅರ್ಥವಾಗಿರಲಿಲ್ಲ, ಕೇಳಿಯೇಬಿಟ್ಟೆ. "ವರ್ಸಪೂರ್ತಿ ಎಲ್ಲ ಕಡೆ ಸಿಗೋದ್ನ ಒತ್ಕೊಂಡೋಗಿ ಕೊಟ್ರೆ ಏನಂತಾರೆ? ಬಸ್ ಚಾರ್ಜ್ ದಂಡ ಅಂತಾರೆ," ಎಂದಳು. ಅಲ್ಲಿಗೆ ನನಗೆ ಗೊತ್ತಾಯಿತು. ಆ ಅವರೆಯ ಬೆಲೆ ಇದ್ದದ್ದೇ ಅದು ಕಾಯುವುದರಲ್ಲಿ. ಕಾಯುವುದನ್ನು ಮರೆತ ಅವರೆಯನ್ನು ಎಷ್ಟು ಹೊತ್ತುಕೊಂಡು ಹೋದರೂ ಅದು ಕೊಡುಗೆಯಾಗುವುದಿಲ್ಲ.

ನೆರಳಿನ ಪಟ್ಟಿಯಿಂದ ಸಿಕ್ಕ ಕಾಳು ಒಂದು ಮೊರದಷ್ಟು. ಅದು ಬಿತ್ತನೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ತಕರಾರು ಬಂದದ್ದು ಬೇರೆ ಕಾಳಿಗೆ. ಪೂರಾ ಬೆಳಕಿನಲ್ಲಿ, ಕಂಬದ ಬುಡದ ಹತ್ತಿರವೇ, ಐದಾರು ಗಿಡಗಳು ಯಾವಾಗಲೋ ಹೂ ಬಿಟ್ಟು ಕಾಯಿ ಕಟ್ಟಿ ಒಣಗಿದ್ದವು. ಎಲೆಯ ಮರೆಯಲ್ಲಿ ಯಾರೂ ನೋಡಿರಲಿಲ್ಲ. ನೋಡಿದಾಗ ನನಗೆ ಕುಣಿಯುವಷ್ಟಾಯಿತು. ತುದಿಯಲ್ಲಿ ಉಳಿದಿದ್ದ ಒಂದೆರಡು ಹೂವು ನೇರಳೆ, ಅಂದರೆ ನಮ್ಮದೇ ಗಿಡ. ಆದರೂ ದೀಪಕ್ಕೆ ಹೆದರಿಲ್ಲ. ಪುಸ್ತಕದಲ್ಲಿ ಓದಿದ ವಿಕಾಸ ನಮ್ಮ ಬದುವಿನ ಮೇಲೆ ಕೂತಿದೆ ಎಂದುಕೊಂಡೆ. ಅತ್ತೆಗೆ ವಾದ ಮಂಡಿಸಿದೆ. ಊರಿನಲ್ಲಿ ಇನ್ನು ಕತ್ತಲು ಹೆಚ್ಚುವುದಿಲ್ಲ, ದೀಪಗಳೇ ಹೆಚ್ಚುವುದು. ಇಂದು ಒಂದಕ್ಕೆ ತಗಡು ಕಟ್ಟಿಸಿದೆವು, ನಾಳೆ ಆ ಕಡೆ ಇನ್ನೊಂದು ಬಿಲ್ಡಿಂಗ್ ಬರುತ್ತದೆ. ಇಲ್ಲಿ ಬಾಳುವುದು ಬೆಳಕಿನಲ್ಲೂ ಹೂ ಬಿಡುವ ಗಿಡ ಮಾತ್ರ. ಅವರೆ ಕಾಡಿನಲ್ಲಿದ್ದಾಗ ಕಾಯಿ ಒಣಗಿದೊಡನೆ ಸಿಡಿದು ಕಾಳು ಚೆಲ್ಲುತ್ತಿತ್ತು. ಸಿಡಿಯದ ಕೆಟ್ಟ ಗಿಡಗಳನ್ನೇ ನಮ್ಮ ಹಿಂದಿನವರು ಆರಿಸಿ ಆರಿಸಿ ಬಿತ್ತಿದ್ದರಿಂದ ಇವತ್ತು ಕಾಯಿ ನಮ್ಮ ಕೈಯಲ್ಲಿ ನಿಲ್ಲುತ್ತದೆ. ನೀನೂ ಈಗ ಅದನ್ನೇ ಮಾಡು, ಇವನ್ನೇ ಬಿತ್ತನೆಗೆ ಇಡು.

ಅತ್ತೆ ಪೂರ್ತಿ ಕೇಳಿದಳು. "ಇವು ನೀ ಇಟ್ಕ," ಎಂದು ಆ ಕಾಳನ್ನು ನನ್ನ ಸೆರಗಿಗೆ, ಅಂದರೆ ದುಪಟ್ಟಾದ ತುದಿಗೆ ಸುರಿದಳು. ನೆರಳಿನವನ್ನು ಮಾತ್ರ ಬೂದಿಯಲ್ಲಿ ಹೊರಳಿಸಿದಳು.

ನಾನು ನನ್ನ ಪಾಲಿನವನ್ನು ಬೇಸಿಗೆಯಲ್ಲಿ ತಾರಸಿಯ ಮೇಲೆ, ಒಡೆದ ಡ್ರಮ್ಮುಗಳಲ್ಲಿ ಹಾಕಿದೆ. ಉದ್ದ ಹಗಲಿನ ಕಾಲ. ನಮ್ಮ ಅವರೆಯಾಗಿದ್ದರೆ ಬರೀ ಬಳ್ಳಿ ಹರಿಸಬೇಕು. ಎಲ್ಲವೂ ಹೂ ಬಿಟ್ಟವು. ನನಗೆ ಬೇಕಾದದ್ದೂ ಅದೇ. ಆದರೆ ಕೆಲವು ಗಿಡದಲ್ಲಿ ನೇರಳೆ, ಕೆಲವಲ್ಲಿ ಬಿಳಿ. ಇದು ನನಗೆ ಬೇಕಾದದ್ದಲ್ಲ. ನಮ್ಮ ಜೀನೇ ತಾನಾಗಿ ಬದಲಾಗಿದ್ದರೆ ಬಿಳಿ ಎಲ್ಲಿಂದ ಬಂತು? ಮೇಡಂ ಹತ್ತಿರ ಹೋಗುವ ಅಗತ್ಯವೂ ಇರಲಿಲ್ಲ. ಅವರೆ ಹೆಚ್ಚಾಗಿ ತನ್ನೊಳಗೇ ಕಾಯಿ ಕಟ್ಟಿಕೊಳ್ಳುವ ಗಿಡ, ಆದರೂ ಅಪರೂಪಕ್ಕೊಮ್ಮೆ ದುಂಬಿ ಬದು ದಾಟುತ್ತದೆ. ಹಿಂದೆ ಯಾವುದೋ ಚಳಿಗಾಲದಲ್ಲಿ ಪಕ್ಕದ ಹೊಲದ ಬಿಳಿ ಹೂವಿನಿಂದ ನಮ್ಮ ನೇರಳೆಗೆ ಪರಾಗ ಬಂದಿತ್ತು. ನನ್ನ ವಿಕಾಸ ನೆರೆಮನೆಯ ಸಂಬಂಧವಾಗಿತ್ತು.

ಅದರಿಂದ ಇನ್ನೊಂದು ತೊಡಕೂ ಹುಟ್ಟಿತು. ಹೀಗೆ ಸೇರಿದ ಗುಣ ಒಂದೆರಡು ತಲೆಮಾರು ಅಡಗಿ ಕೂರಬಲ್ಲದು. ಜೋಡಿಯಾಗಿ ಸಿಕ್ಕಾಗಷ್ಟೇ ಹೊರಗೆ ಬರುತ್ತದೆ. ಅಂದರೆ ಅತ್ತೆಯ ನೆರಳಿನ ಕಾಳಿನಲ್ಲೂ ಅದು ಇರಬಹುದು. ನೋಡಲು ಒಂದೇ, ಬಿತ್ತುವವರೆಗೆ ಗೊತ್ತಾಗುವುದಿಲ್ಲ. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳಿದೆ. ನಿನ್ನ ಬಿತ್ತನೆ ಉಳಿದಿದೆ, ಆದರೆ ಅದು ನಿನ್ನ ಅಮ್ಮ ಕೊಟ್ಟದ್ದೇ ಎಂದು ಹೇಳಲು ಬರುವುದಿಲ್ಲ ಎಂದೆ. ಅತ್ತೆ ಕಾಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು, ಮತ್ತೆ ಡಬ್ಬಿಗೆ ಹಾಕಿದಳು. ಅವಳ ಮುಖ ಸಣ್ಣದಾದದ್ದು ನನಗೆ ಕಂಡಿತು.

ಮಳೆ ಬಂತು, ಬಿತ್ತಿದಳು. ತಗಡಿನ ಮರೆ ಗಾಳಿಗೆ ಸಡಿಲವಾಗಿದ್ದನ್ನು ಕಾರ್ಯದರ್ಶಿಯವರಿಗೆ ಹೇಳಿ ಬಿಗಿ ಮಾಡಿಸಿದಳು. ರಾಗಿ ಇನ್ನೂ ಹಸಿರಾಗಿದ್ದಾಗಲೇ, ಚಳಿಯ ಸುಳಿವೂ ಇಲ್ಲದ ಹೊತ್ತಿನಲ್ಲಿ, ಅಕ್ಕಡಿ ಸಾಲಿನ ಒಂದು ಅವರೆ ಹೂವಿನ ಕಡ್ಡಿ ಎತ್ತಿತು. ಆಚೆ ಇನ್ನೊಂದು. ಅತ್ತೆ ನನ್ನನ್ನು ಕರೆದಳು. ಹೋಗಿ ನೋಡಿದೆ. ಒಳ್ಳೆಯ ಗಿಡಗಳು, ಸೊಂಪಾಗಿ, ತುಂಬ ಹೂವಿದ್ದವು.

"ಇದೇನಾ ನೀ ಏಳಿದ್ದು?"

ಹೌದು ಎಂದೆ. ಅವಳು ಬಗ್ಗಿ ಬುಡ ಹಿಡಿದು ಎಳೆದಳು. ಮಣ್ಣು ಹಸಿಯಿತ್ತು, ಬೇರು ಸಮೇತ ಬಂತು. ಹಿಂದಿನ ವರ್ಷಗಳಲ್ಲೂ ಹೀಗೆ ಒಂದೊಂದು ಮೊದಲೇ ಬಿಟ್ಟಿದ್ದುಂಟು, ಮಳೆ ಹೆಚ್ಚಾಗಿರಬೇಕು ಎಂದುಕೊಂಡು ಬಿಟ್ಟುಬಿಡುತ್ತಿದ್ದೆ ಎಂದಳು. ಇನ್ನೊಂದನ್ನೂ ಕಿತ್ತಳು. ಸಾಲಿನ ಉದ್ದಕ್ಕೂ ಒಂದೊಂದೇ ಗಿಡವನ್ನು ನೋಡುತ್ತ ನಡೆದಳು. ನಾನು ಕಿತ್ತದ್ದನ್ನು ಎತ್ತಿಕೊಂಡು ಹಿಂದೆ ನಡೆದೆ. ಅವಳು ಮಾಡುತ್ತಿದ್ದದ್ದೂ ಆಯ್ಕೆಯೇ. ಸಂಶೋಧನಾ ಕೇಂದ್ರದವರು ಇಟ್ಟುಕೊಂಡದ್ದನ್ನು ಇವಳು ಕೀಳುತ್ತಿದ್ದಳು, ಅವರು ಕಿತ್ತು ಎಸೆದದ್ದನ್ನು ಇಟ್ಟುಕೊಳ್ಳುತ್ತಿದ್ದಳು. ಗಿಡಕ್ಕೆ ಈ ಎರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದಿಲ್ಲ.

ಆದರೂ ಇದ್ದದ್ದನ್ನು ಹೇಳಲೇಬೇಕಿತ್ತು. "ಇವತ್ತು ಕಿತ್ತರೆ ಮುಗಿಯಲ್ಲ ಅತ್ತೆ. ಅಡಗಿರೋವು ಇನ್ನೂ ಇರ್ತವೆ. ಚಳಿಗಾಲದಲ್ಲಿ ನಮ್ಮವು ಹೂ ಬಿಟ್ಟಾಗ ಪಕ್ಕದವರದ್ದೂ ಬಿಟ್ಟಿರುತ್ತೆ. ದುಂಬಿ ಬಂದೇ ಬರುತ್ತೆ."

ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು, ಬದುವಿನ ಆಚೆಯ ಬಿಳಿ ಹೂವನ್ನೊಮ್ಮೆ ನೋಡಿದಳು.

"ಬಂದ್ರೆ ಬರ್ಲಿ ಬುಡು. ಬರೋ ವರ್ಸನೂ ಕೀಳೋದು," ಎಂದು ಮುಂದಿನ ಸಾಲಿಗೆ ಇಳಿದಳು.